ಹುಳುಮನೆಗೆ ಬಂದ ಕಾಫಿ ಸಸಿಗಳು

ಈ ತಿಂಗಳ ಎರಡನೇ ಬುಧವಾರ, ಬೆಳಿಗ್ಗೆ ಎಂಟು ಗಂಟೆ. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರ, ಓಬಳಮ್ಮನ ರೇಷ್ಮೆಹುಳು ಮನೆಯ ಬಾಗಿಲು. ಹಾಜರಿದ್ದವರು ಓಬಳಮ್ಮ, ಅವಳ ಗಂಡ ಪಾಲಯ್ಯ, ನಾನು. ಹೊಸ ಬೆಳೆಗೆ ಹುಳು ತರುವ ಮೊದಲು ಮನೆ ತೊಳೆಯುವ ದಿನ ಅದು. ನಾನು ಹೊರಟದ್ದು ಮೊಳಕಾಲ್ಮೂರಿಗೆ, ಮದುವೆಗೊಂದು ಸೀರೆ ನೋಡಲು. ದಾರಿಯಲ್ಲಿ ಇಳಿದು ಇವರನ್ನು ಮಾತಾಡಿಸಿಕೊಂಡು ಹೋಗೋಣವೆಂದುಕೊಂಡಿದ್ದೆ. ಪಾಲಯ್ಯ ಗೋಡೆಗೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಹೊಡೆಯುತ್ತಿದ್ದ. ಓಬಳಮ್ಮ ನೆನೆಸಿದ ಗೋಣಿತಾಟುಗಳನ್ನು ಕಿಟಕಿಗೆ ಕಟ್ಟುತ್ತಿದ್ದಳು. ಸುಣ್ಣ, ಬ್ಲೀಚಿಂಗ್ ಪುಡಿ, ಒದ್ದೆ ಗೋಣಿ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ಹೊಸ್ತಿಲಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಅದರಿಂದ ಕೆಮ್ಮು ಬರುತ್ತದೆ. ನನಗೆ ಎದೆ ಹಗುರಾಗುತ್ತದೆ. ಎರಡು ವರ್ಷದ ಹಿಂದಿನ ಮಳೆಗಾಲವನ್ನು ನಾನು ಇದೇ ವಾಸನೆಯಲ್ಲಿ ಕಳೆದೆ. ಆ ಸಲ ಈ ಮನೆಯಲ್ಲಿ ಒಂದು ಹುಳುವೂ ಇರಲಿಲ್ಲ. ಹುಳು ಇರಬೇಕಾದ ತಟ್ಟೆಗಳ ಮೇಲೆ ಕಾಫಿ ಸಸಿಗಳಿದ್ದವು.

ನಾನು ಚಳ್ಳಕೆರೆಯವಳು. ನೌಕರಿಯಲ್ಲಿದ್ದಷ್ಟು ಕಾಲವೂ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಫ, ರಕ್ತ, ಮೂತ್ರ ಪರೀಕ್ಷೆ ಮಾಡಿದವಳು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಹುಡುಕುವುದು, ಕಫದಲ್ಲಿ ಕ್ಷಯದ ಕಡ್ಡಿಯಂಥ ರೋಗಾಣುಗಳನ್ನು ಹುಡುಕುವುದು. ನಿವೃತ್ತಿಯಾದ ಮೇಲೂ ಐದು ಗಂಟೆಗೆ ಏಳುವುದು, ಉಪಯೋಗಿಸಿದ ಪಾತ್ರೆಯನ್ನು ಆಗಲೇ ತೊಳೆಯುವುದು, ಯಾವ ವಸ್ತುವನ್ನೂ ಹೆಸರು ಬರೆಯದೆ ಇಡದಿರುವುದು ಬಿಟ್ಟುಹೋಗಲಿಲ್ಲ. ಸಾಸಿವೆ ಡಬ್ಬಿಯ ಮೇಲೂ ಸಾಸಿವೆ ಎಂದು ಬರೆದಿರುವುದನ್ನು ನೋಡಿ ನೆಂಟರು ನಗುತ್ತಾರೆ. ನಗಲಿ.

ಆ ವರ್ಷ ಆಷಾಢದ ಗಾಳಿ ಬೀಸುತ್ತಿದ್ದಾಗ ನನ್ನ ಅಕ್ಕನ ಮಗಳು ನಂದಿನಿ ಒಂದು ಗೂಡ್ಸ್ ಗಾಡಿಯಲ್ಲಿ ಸಸಿ ತುಂಬಿಕೊಂಡು ನಮ್ಮ ಮನೆ ಮುಂದೆ ಬಂದಿಳಿದಳು. ಅವಳದು ಕಾಫಿ ಗಿಡದ ರೋಗಗಳ ಸಂಶೋಧನೆ. ಕಾಫಿಗೆ ಎಲೆ ತುಕ್ಕು ಎಂಬ ರೋಗವಿದೆ. ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಏಳುತ್ತದೆ, ಎಲೆ ಉದುರುತ್ತದೆ, ಗಿಡ ಬೋಳಾಗುತ್ತದೆ. ಅದು ಒಂದು ಬಗೆಯ ಬೂಷ್ಟು. ಸುತ್ತ ಎಲ್ಲ ಗಿಡಗಳೂ ತುಕ್ಕು ಹಿಡಿದು ಬೋಳಾದ ತೋಟದಲ್ಲಿ ವರ್ಷ ವರ್ಷವೂ ಹಸಿರಾಗಿ ನಿಂತಿದ್ದ ಒಂದೇ ಒಂದು ಗಿಡವನ್ನು ನಂದಿನಿ ಕಂಡಿದ್ದಳು. ಅದರ ಬೀಜ ತಂದು ಸಸಿ ಮಾಡಿದಳು. ಆಮೇಲೆ ಗಾಳಿಮಳೆಗೆ ದೊಡ್ಡ ನೆರಳಿನ ಮರವೊಂದು ಮುರಿದು ತಾಯಿಗಿಡದ ಮೇಲೆ ಬಿದ್ದು, ಅದು ಬುಡಸಮೇತ ಹೋಯಿತು. ಉಳಿದದ್ದು ಈ ಸಸಿಗಳು ಮಾತ್ರ. ಅವು ತಾಯಿಯ ಹಾಗೆ ರೋಗವನ್ನು ತಡೆಯುತ್ತವೆಯೋ ಇಲ್ಲವೋ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಬೇಕೆಂದೇ ರೋಗ ಹಚ್ಚಿ ನೋಡಬೇಕು. ತಡೆಯದಿದ್ದರೆ ಒಂದೂ ಬಿಡದೆ ಸುಟ್ಟುಬಿಡು, ಈ ಮಳೆಗಾಲದೊಳಗೆ ತೀರ್ಮಾನವಾಗಲಿ ಎಂದು ಅವಳ ಮಾರ್ಗದರ್ಶಕರು ಹೇಳಿ ಕಳಿಸಿದ್ದರು.

ಕಾಫಿ ಸೀಮೆಯನ್ನು ಬಿಟ್ಟು ಶೇಂಗಾ ಸೀಮೆಗೆ ಏಕೆ ಬಂದೆ ಎಂದು ಕೇಳಿದೆ. ಅದಕ್ಕೇ ಬಂದೆ ಎಂದಳು. ಬೇರೆ ಬೇರೆ ಕಡೆಯಿಂದ ಕೂಡಿಸಿದ, ಒಂದಕ್ಕಿಂತ ಒಂದು ಕೆಟ್ಟ ತುಕ್ಕಿನ ಪುಡಿ ಅವಳ ಹತ್ತಿರ ಇತ್ತು. ತೋಟಗಳ ಮಧ್ಯೆ ಕೂತು ಅದರ ಮುಚ್ಚಳ ತೆಗೆದರೆ, ಒಂದು ಚಿಟಿಕೆ ಗಾಳಿಗೆ ಹಾರಿದರೂ ನೂರಾರು ಜನರ ತೋಟ ಹಾಳು. ಇಲ್ಲಿ ನಮ್ಮ ಬಯಲಲ್ಲಿ ಯಾವ ದಿಕ್ಕಿಗೆ ಹಾರಿದರೂ ಒಂದು ಕಾಫಿ ಗಿಡ ಸಿಗುವುದಿಲ್ಲ. ಕೂರಲು ಎಲೆಯಿಲ್ಲದೆ ಅದು ತಾನಾಗಿ ಸಾಯುತ್ತದೆ.

ಬಂದದ್ದು ಸರಿ. ಆದರೆ ನನ್ನ ಮನೆ ಸರಿಯಾಗಲಿಲ್ಲ. ಹಿಂದೆ ಎಣ್ಣೆ ಮಿಲ್ಲು, ಮುಂದೆ ಡಾಂಬರು ರಸ್ತೆ, ಮೇಲೆ ಆರ್‌ಸಿಸಿ ತಾರಸಿ. ಮಧ್ಯಾಹ್ನದ ಬಿಸಿಗೆ ಸಸಿಗಳು ತಲೆ ಬಾಗಿಸಿದವು. ಪರೀಕ್ಷೆಗೆಂದು ಗಾಜಿನ ಮೇಲೆ ನೀರಲ್ಲಿಟ್ಟ ತುಕ್ಕಿನ ಕಣಗಳು ಮೊಳೆಯಲೇ ಇಲ್ಲ. ಅದಕ್ಕೆ ತಂಪು ಬೇಕು, ತೇವ ಬೇಕು, ಕತ್ತಲೆ ಬೇಕು. ನಮ್ಮ ಸೀಮೆಯಲ್ಲಿ ಇವು ಮೂರೂ ಎಲ್ಲಿ ಸಿಗುತ್ತವೆ ಎಂದು ಯೋಚಿಸಿದಾಗ ಹೊಳೆದದ್ದು ರೇಷ್ಮೆಹುಳು ಮನೆ. ಓಬಳಮ್ಮನ ಅತ್ತೆಯ ಕಫವನ್ನು ನಾನು ತಿಂಗಳು ತಿಂಗಳು ಪರೀಕ್ಷೆ ಮಾಡಿದ್ದೆ. ಆ ಮುದುಕಿ ಗುಣವಾದ ಮೇಲೂ ಓಬಳಮ್ಮ ಪೇಟೆಗೆ ಬಂದಾಗಲೆಲ್ಲ ನನ್ನನ್ನು ಕಂಡು ಹೋಗುತ್ತಿದ್ದಳು. ಅವಳ ಹುಳುಮನೆ ಆ ಮಳೆಗಾಲ ಖಾಲಿ ಎಂದು ನನಗೆ ಗೊತ್ತಿತ್ತು. ಹಳೆಯ ಹಿಪ್ಪುನೇರಳೆ ಕಿತ್ತು ಹೊಸ ತಳಿ ಹಾಕಿದ್ದರು. ದಸರಾವರೆಗೆ ಹುಳುವಿಗೆ ಹಾಕಲು ಸೊಪ್ಪು ಇರಲಿಲ್ಲ.

ನಾವಿಬ್ಬರೂ ಹೋಗಿ ಕೇಳಿದೆವು. ಓಬಳಮ್ಮ ಪೂರ್ತಿ ಕೇಳಿಸಿಕೊಂಡು, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು.

“ಬೂಷ್ಟು ತಂದು ಹುಳದ ಮನ್ಯಾಗೆ ಇಕ್ತೀವಿ ಅಂತೀರಲ್ಲಕ್ಕ. ಅದು ತಾನಾಗೇ ಬರೋದೇ ಸಾಕಾಗೈತೆ, ನಾವೇ ಕರ್ಕಂಡು ಬಂದು ಕುಂಡ್ರಿಸ್ಬೇಕಾ?”

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹುಳು ಸಾಕುವವರಿಗೆ ಸುಣ್ಣಕಟ್ಟು ರೋಗ ಗೊತ್ತು. ಅದೂ ಒಂದು ಬೂಷ್ಟೇ. ಹುಳುವಿನ ಮೈ ಒಳಗಿಂದ ಗಟ್ಟಿಯಾಗಿ ಸುಣ್ಣದ ಕಡ್ಡಿಯ ಹಾಗಾಗುತ್ತದೆ. ಒಂದು ಹುಳುವಿಗೆ ಬಂದರೆ ಇಡೀ ಮನೆಗೆ. ಅದಕ್ಕೇ ಅವಳ ಮನೆಯೊಳಗೆ ಕೈಕಾಲು ತೊಳೆಯದೆ, ಬಾಗಿಲಲ್ಲಿ ಹರಡಿದ ಸುಣ್ಣ ತುಳಿಯದೆ ಯಾರೂ ಹೋಗುವಂತಿಲ್ಲ. ಶಿಸ್ತಿನಲ್ಲಿ ಅವಳು ನನಗಿಂತ ಒಂದು ಕೈ ಮೇಲು. ಈ ತುಕ್ಕಿಗೆ ಕಾಫಿ ಎಲೆ ಬಿಟ್ಟರೆ ಬೇರೆ ಊಟ ಸೇರುವುದಿಲ್ಲ, ಅದೂ ಜೀವವಿರುವ ಎಲೆಯೇ ಆಗಬೇಕು ಎಂದು ನಂದಿನಿ ಬಿಡಿಸಿ ಹೇಳಿದಳು. ಓಬಳಮ್ಮ ಒಪ್ಪಲಿಲ್ಲ. ಮೊದಲು ನಮ್ಮ ಹಿಪ್ಪುನೇರಳೆಗೆ ಹಚ್ಚಿ ತೋರಿಸು, ಹುಳುವಿಗೆ ಹಚ್ಚಿ ತೋರಿಸು, ಆಮೇಲೆ ಮಾತು ಎಂದಳು. ನಂದಿನಿಗೆ ಅದು ಇಷ್ಟವೇ ಆಯಿತು. ಪಕ್ಕದೂರಿಂದ ಒಂದು ಹಿಡಿ ಹುಳು ತಂದು, ಕುಂಡದಲ್ಲಿ ಒಂದು ಹಿಪ್ಪುನೇರಳೆ ಗಿಡ ಇಟ್ಟು, ಎರಡಕ್ಕೂ ಪುಡಿ ಹಚ್ಚಿ ಹೊರಗಿನ ಸೊಪ್ಪಿನ ಕೋಣೆಯಲ್ಲಿ ಗೋಣಿ ಹೊದಿಸಿಟ್ಟಳು. ಓಬಳಮ್ಮ ದಿನವೂ ಟಾರ್ಚು ಹಿಡಿದು ಎಲೆಯ ಹಿಂಬದಿ ನೋಡಿದಳು. ಎಲೆಗೆ ಏನೂ ಆಗಲಿಲ್ಲ. ಹುಳುಗಳು ತಿಂದು, ಜ್ವರವೆಂದು ಕರೆಯುವ ಪೊರೆ ಬಿಡುವ ನಿದ್ದೆ ಮುಗಿಸಿ, ಗೂಡು ಕಟ್ಟಿದವು.

“ತಗಳವ್ವ ಮನೆ,” ಎಂದಳು. “ದಸರಾಕ್ಕೆ ಬಿಟ್ಕೊಡ್ಬೇಕು, ಅಷ್ಟೇ.”

ಸಸಿಗಳು ತಟ್ಟೆ ಏರಿದ ದಿನ ಪಾಲಯ್ಯ ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿದ. “ಕಾಪೀನ ಇಲ್ಲೀತನಕ ಲೋಟದಾಗೆ ನೋಡಿದ್ದೆ. ಗಿಡದಾಗೆ ಇವತ್ತು ನೋಡ್ದೆ. ಹಾಲು, ಸಕ್ರೆ ಗಿಡಾನೂ ತರೋದಲ್ವಾ?” ಎಂದ.

ತಾಯಿಗಿಡದ ಸಸಿಗಳ ಜೊತೆ, ಸುಲಭವಾಗಿ ರೋಗ ಹಿಡಿಯುವ ಸಾಮಾನ್ಯ ಕಾಫಿಯ ಸಸಿಗಳನ್ನೂ ನಂದಿನಿ ತಂದಿದ್ದಳು, ಹೋಲಿಸಿ ನೋಡಲು. ಒಂದು ಬಗೆಗೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ. ಮೊಳಕಾಲ್ಮೂರಿನ ಮಗ್ಗದ ಮನೆಯಿಂದ ತಂದ ರೇಷ್ಮೆ ತುಂಡುಗಳು. ಯಾವ ದಾರದ್ದು ಯಾವ ಬಗೆ ಎಂದು ಮಾತ್ರ ಅವಳು ನಮಗಾರಿಗೂ ಹೇಳಲಿಲ್ಲ. ಹೇಳಿದರೆ ನಮಗೆ ಗೊತ್ತಿಲ್ಲದೆಯೇ ಒಂದಕ್ಕೆ ನೀರು ಹೆಚ್ಚು ಬೀಳುತ್ತದೆ ಎಂದಳು. ಆಸ್ಪತ್ರೆಯಲ್ಲಿ ನಾನೂ ರೋಗಿಯ ಮುಖ ನೋಡದೆ ಪರೀಕ್ಷೆ ಮಾಡಿದವಳು. ನನಗೆ ಅದು ಸರಿ ಎನಿಸಿತು.

ಶ್ರಾವಣದ ಒಂದು ಮೋಡದ ಸಂಜೆ ಪುಡಿ ಹಚ್ಚಿದೆವು. ಕಾಫಿ ಎಲೆ ಉಸಿರಾಡುವ ಸಣ್ಣ ಬಾಯಿಗಳೆಲ್ಲ ಹಿಂಬದಿಯಲ್ಲಿವೆ. ಆದ್ದರಿಂದ ಒಂದೊಂದೇ ಎಲೆಯನ್ನು ಬೆರಳ ಮೇಲೆ ಮಗುಚಿ, ಬ್ರಷ್ಷಿನಲ್ಲಿ ಪುಡಿ ಸವರಿ, ನೀರು ತುಂತುರಿಸಿ, ಕಪ್ಪು ಬಟ್ಟೆ ಹೊದಿಸಿದೆವು. ಕಿಟಕಿಯ ಗೋಣಿಗಳಿಗೆ ಹೊತ್ತುಹೊತ್ತಿಗೆ ನೀರು. ಹೊರಗೆ ಬಂಡೆಗುಡ್ಡಗಳ ಮೇಲೆ ಮೋಡ ಬಂದು ಹೋಗುತ್ತಿತ್ತು, ಮಳೆ ಮಾತ್ರ ಮೂರು ಹನಿ. ಒಳಗೆ ಮಾತ್ರ ನಾವು ಮಾಡಿದ ಮಳೆಗಾಲ.

ಕೆಲಸ ಮುಗಿಸಿ ಜಗಲಿಯಲ್ಲಿ ಮುದ್ದೆ ಉಣ್ಣುವಾಗ ನಂದಿನಿ ಈಗ ಎಲೆಯೊಳಗೆ ಏನು ನಡೆಯುತ್ತದೆ ಎಂದು ವಿವರಿಸಿದಳು. ಕಣ ನೀರಲ್ಲಿ ಮೊಳೆತು ಒಂದು ಎಳೆ ಬಿಡುತ್ತದೆ. ಆ ಎಳೆ ಎಲೆಯ ಮೇಲೆ ತಡಕಾಡಿ ಒಂದು ಬಾಯಿಯನ್ನು ಹುಡುಕಿ, ಅಲ್ಲಿ ಉಬ್ಬಿ, ಒಳಗೆ ತೂರುತ್ತದೆ. ಎಲೆಯೊಳಗಿನ ಜೀವಕೋಶದ ಗೋಡೆಗೆ ತೂತು ಕೊರೆದು ಒಂದು ಹೀರುಗೊಳವೆ ಇಳಿಸುತ್ತದೆ. ಕೋಶವನ್ನು ಅದು ಕೊಲ್ಲುವುದಿಲ್ಲ, ಜೀವಂತ ಇಟ್ಟುಕೊಂಡೇ ಹೀರುತ್ತದೆ. ನಾನು ಕೇಳಿದೆ, ಮನುಷ್ಯರಿಗಾದರೆ ರಕ್ತದಲ್ಲಿ ಬಿಳಿಕಣಗಳು ಓಡಾಡುತ್ತವೆ, ಕೇಡು ಕಂಡಲ್ಲಿಗೆ ಓಡಿಹೋಗುತ್ತವೆ, ಆಯುಷ್ಯವೆಲ್ಲ ಅವನ್ನೇ ಎಣಿಸಿದೆ, ಗಿಡದಲ್ಲಿ ಆ ಕೆಲಸಕ್ಕೆ ಯಾರಿದ್ದಾರೆ ಎಂದು.

“ಯಾರೂ ಇಲ್ಲ ಚಿಕ್ಕವ್ವ. ಗಿಡದ ಕೋಶ ಇದ್ದಲ್ಲಿಂದ ಕದಲಂಗಿಲ್ಲ. ಪ್ರತಿಯೊಂದೂ ತನ್ನ ಬಾಗಿಲು ತಾನೇ ಕಾಯ್ಬೇಕು.”

ತಡೆಯುವ ಶಕ್ತಿಯಿರುವ ಗಿಡದಲ್ಲಿ, ಹೀರುಗೊಳವೆ ಒಳಗೆ ಇಳಿದದ್ದು ಕೋಶಕ್ಕೆ ಗೊತ್ತಾಗುತ್ತದೆ. ತೂತು ಬಿದ್ದ ಕಡೆಗೆ ಗೋಡೆಯನ್ನು ಒಳಗಿಂದ ದಪ್ಪ ಮಾಡುತ್ತದೆ. ಅಷ್ಟರಲ್ಲಿ ನಿಲ್ಲದಿದ್ದರೆ ತನ್ನೊಳಗೆ ತಾನೇ ವಿಷ ಸುರಿದುಕೊಂಡು ಸಾಯುತ್ತದೆ. ಸಾಯುವಾಗ ಸುತ್ತಲಿನ ಕೋಶಗಳಿಗೆ ಸುಳಿವು ಕೊಡುತ್ತದೆ, ಅವು ತಮ್ಮ ಗೋಡೆ ಬಿಗಿ ಮಾಡಿಕೊಳ್ಳುತ್ತವೆ. ಜೀವವಿರುವ ಕೋಶವನ್ನೇ ಉಣ್ಣಬೇಕಾದ ತುಕ್ಕು, ಸತ್ತ ಕೋಶದಲ್ಲಿ ಸಿಕ್ಕಿಕೊಂಡು ಉಪವಾಸ ಬೀಳುತ್ತದೆ. ಹೀರುಗೊಳವೆಯ ಗುರುತು ಹಿಡಿಯಲಾಗದ ಗಿಡದಲ್ಲಿ ಇದಾವುದೂ ಆಗುವುದಿಲ್ಲ. ಕೋಶಗಳು ತೆಪ್ಪಗೆ ಉಣಬಡಿಸುತ್ತಾ ಇರುತ್ತವೆ.

ಓಬಳಮ್ಮ ಸಾರಿನ ಪಾತ್ರೆ ಹಿಡಿದು ನಿಂತೇ ಕೇಳಿದಳು. ತಾನೇ ಸತ್ತು ಮಿಕ್ಕವನ್ನು ಉಳಿಸುವುದು ಎಂದರೆ ಅದು ಬುದ್ಧಿಯಿರುವ ಗಿಡವೇ ಸೈ ಎಂದಳು. ಬುದ್ಧಿ ಅಲ್ಲ, ಬೀಜದಲ್ಲೇ ಬರುವ ಗುಣ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ ಎಂದಳು ನಂದಿನಿ. ಆ ಗುಣ ತಾಯಿಯಿಂದ ಈ ಸಸಿಗಳಿಗೆ ಇಳಿದಿದೆಯೇ ಎಂಬುದೊಂದೇ ಪ್ರಶ್ನೆ. ಎಲೆಯ ಮೇಲೆ ಕಣ್ಣಿಗೆ ಏನು ಕಾಣುತ್ತದೆ, ಯಾವಾಗ ಕಾಣುತ್ತದೆ ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ. ನಮ್ಮ ಕಣ್ಣು ಒಂದು ಕಡೆ ವಾಲಬಾರದೆಂದು. ದಿನವೂ ತಾನೇ ಇರುತ್ತೇನಲ್ಲ ಎಂಬ ಧೈರ್ಯ ಅವಳಿಗಿತ್ತು.

ಆದರೆ ಮೂರನೆಯ ದಿನ ಜ್ವರ ಬಂತು. ಕೀಲು ಕೀಲು ಹಿಡಿದುಕೊಂಡು, ನಡೆಯಲಾಗದೆ, ನಮ್ಮ ಮನೆಯಲ್ಲಿ ಮಲಗಿದಳು. ಎದ್ದು ಸಿದ್ದಾಪುರಕ್ಕೆ ಹೊರಟರೆ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತೇನೆ ಎಂದು ಹೆದರಿಸಿ, ಅವಳಿಗೆ ಗಂಜಿ ಮಾಡಿಟ್ಟು, ಬೆಳಗಿನ ಮೊದಲ ಬಸ್ಸಿಗೆ ನಾನು ಹೋಗತೊಡಗಿದೆ. ದಾರಿಯಲ್ಲಿ ಸಿಗುವ ನಮ್ಮ ಕಡೆಯ ಹಾನಗಲ್‌ನಲ್ಲಿ ಇಳಿದು ಇನ್ನೊಂದು ಬಸ್ಸು. ಮಧ್ಯಾಹ್ನಕ್ಕೆ ವಾಪಸ್ಸು. ಶೇಂಗಾ ಹೊಲಗಳು ಆಗ ಹೂ ಬಿಟ್ಟಿದ್ದವು.

ಪುಡಿ ಹಚ್ಚಿ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹೋದಾಗ ಓಬಳಮ್ಮ ಬಾಗಿಲಲ್ಲೇ ಎದುರಾದಳು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ತೃಪ್ತಿ. ಒಂದು ಕೈಯಲ್ಲಿ ರೋಗದ ಹುಳು ಆರಿಸುವ ಬಿದಿರು ಕಡ್ಡಿಗಳು, ಇನ್ನೊಂದರಲ್ಲಿ ಸ್ಟೂಲು.

“ರೋಗ ಬಂದೈತಕ್ಕ. ಎಲೆಗೆಲ್ಲಾ ಚುಕ್ಕೆ. ಕಂಡ ಗಳಿಗೇಲೆ ಎಲ್ಲಾ ತೆಗ್ದು ಬ್ಲೀಚಿಂಗ್ ನೀರಿಗೆ ಹಾಕ್ದೆ. ಮೇಲಿನ ತಟ್ಟೇದು ಕೈಗೆ ನಿಲುಕ್ಲಿಲ್ಲ, ಅದಕ್ಕೆ ಸ್ಟೂಲು ತಂದೆ.”

ಸ್ಟೂಲನ್ನು ಅವಳ ಕೈಯಿಂದ ತೆಗೆದುಕೊಂಡೆ. ಒಳಗೆ ಹೋಗಿ ನೋಡಿದೆ. ಕೆಳಗಿನ ತಟ್ಟೆಗಳಲ್ಲಿ ಕೆಂಪು ದಾರದ ಗಿಡಗಳೆಲ್ಲ ಬರೀ ತುದಿಯ ಎಳೆಗುಡಿ ಹೊತ್ತು ನಿಂತಿದ್ದವು. ನಾವು ಪುಡಿ ಹಚ್ಚಿದ್ದ ಒಂದು ಎಲೆಯೂ ಇರಲಿಲ್ಲ. ಪಕ್ಕದಲ್ಲೇ ಹಳದಿ ದಾರದವು ಎಲೆ ತುಂಬಿಕೊಂಡು ಹಸಿರಾಗಿದ್ದವು. ಹುಳುಮನೆಯ ನಿಯಮ ಅದು, ರೋಗದ ಹುಳುವನ್ನು ಕಂಡಾಗಲೇ ಕಡ್ಡಿಯಲ್ಲಿ ಎತ್ತಿ ಬೋಗುಣಿಗೆ ಹಾಕಬೇಕು, ಮಧ್ಯಾಹ್ನದವರೆಗೆ ಬಿಟ್ಟರೆ ಪಕ್ಕದ ತಟ್ಟೆಗೆ ಹೋಗಿರುತ್ತದೆ. ಅವಳು ಆ ಸಸಿಗಳನ್ನು ತನ್ನ ಹುಳುಗಳ ಹಾಗೆ ನೋಡಿಕೊಂಡಿದ್ದಳು. ಅದೇ ಎಡವಟ್ಟಾಗಿತ್ತು.

ಮಾದರಿಯನ್ನು ಮೊದಲು ಉಳಿಸಿಕೊಳ್ಳಬೇಕು, ಮಾತು ಆಮೇಲೆ ಎಂಬುದು ನಾನು ಕಲಿತ ಪಾಠ. ಬೋಗುಣಿ ತರಿಸಿದೆ. ಕೆಲವು ಎಲೆಗಳು ಅಂಚಿನಲ್ಲಿ ಕೊಳೆತ ಹಾಗಾಗಿದ್ದವು, ಕೆಲವು ಬೆಳ್ಳಗಾಗುತ್ತಿದ್ದವು. ಒಂದೊಂದನ್ನೇ ಚಮಚದಲ್ಲಿ ಎತ್ತಿ, ಬೇರೆ ಬೇರೆ ನೀರಲ್ಲಿ ತೊಳೆದು, ಒದ್ದೆ ಬಟ್ಟೆಯ ಮಡಿಕೆಯಲ್ಲಿಟ್ಟು ನನ್ನ ಊಟದ ಡಬ್ಬಿಗೆ ತುಂಬಿದೆ. ಆಮೇಲೆ ಓಬಳಮ್ಮನಿಗೆ ಹೇಳಿದೆ, ನೋಡಬೇಕಾಗಿದ್ದುದೇ ಆ ಎಲೆಗಳನ್ನು, ಇನ್ನು ಏನಾಗುತ್ತಿತ್ತು ಎಂದು ತಿಳಿಯಲು ಮೇಲಿನ ತಟ್ಟೆಯ ಕೆಲವೇ ಗಿಡಗಳು ಉಳಿದಿವೆ, ಅಷ್ಟು ಸಾಕಾಗಲಾರದು ಎಂದು. ಅವಳು ಕಡ್ಡಿಗಳನ್ನು ಕೆಳಗಿಟ್ಟು ಹೊಸ್ತಿಲ ಹೊರಗೆ ಹೋಗಿ ಕೂತಳು. ನಾನು ಹೊರಡುವಾಗಲೂ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಮನೆಗೆ ಬಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ನಂದಿನಿ ಗೋಡೆ ಕಡೆ ತಿರುಗಿದಳು. ಆ ಕಡೆ ತಿರುಗಿಯೇ ಕೇಳಿದಳು.

“ಯಾವ ದಾರದ್ದು?”

“ಕೆಂಪು.”

“ಹಳದಿಯಲ್ಲಿ ಚುಕ್ಕೆ ಇರಲಿಲ್ವಾ?”

“ಒಂದೂ ಇಲ್ಲ.”

ಅವಳು ಎದ್ದು ಕೂತಳು. ಕೆಂಪು ದಾರದವೇ ತಾಯಿಗಿಡದ ಮಕ್ಕಳು ಎಂದು ಆಗ ಮೊದಲ ಸಲ ಹೇಳಿದಳು. ಇಷ್ಟು ಬೇಗ ಕಂದು ಚುಕ್ಕೆ ಬಂದರೆ ಅದು ತುಕ್ಕು ಆಗಿರಲಾರದು, ತುಕ್ಕು ಹೊರಬೀಳಲು ಇನ್ನೂ ವಾರಗಳು ಬೇಕು. ಒಳಗೆ ಒಂದಷ್ಟು ಕೋಶಗಳು ಒಟ್ಟಿಗೆ ಪ್ರಾಣ ಬಿಟ್ಟರೆ ಹೊರಗೆ ಕಾಣುವುದು ಅಂಥ ಚುಕ್ಕೆ. ಆದರೆ ನೀರು ನಿಂತು ಎಲೆ ಸುಟ್ಟರೂ ಚುಕ್ಕೆ ಬರಬಹುದು. ಕೋಶ ಸತ್ತ ಮೇಲೂ ತುಕ್ಕು ಪಕ್ಕಕ್ಕೆ ನುಸುಳಿ ಹೋಗಿರಬಹುದು. ಒಳಗೆ ನೋಡದೆ ಏನನ್ನೂ ಹೇಳುವಂತಿಲ್ಲ. ಎಲೆ ಎಲ್ಲಿ ಎಂದಳು. ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟೆ.

ಎಲೆಯೊಳಗೆ ನೋಡಬೇಕಾದರೆ ಮೊದಲು ಹಸಿರು ತೆಗೆಯಬೇಕು, ಇಲ್ಲದಿದ್ದರೆ ಬೆಳಕು ಹಾಯುವುದಿಲ್ಲ. ಅದಕ್ಕೆಂದು ಅವಳು ಬಾಟಲಿಗಳಲ್ಲಿ ಏನೇನೋ ತಂದಿದ್ದಳು. ಓಬಳಮ್ಮನ ಬೋಗುಣಿ ಆ ಕೆಲಸವನ್ನು ಒರಟಾಗಿಯಾದರೂ ಮಾಡಿ ಮುಗಿಸಿತ್ತು. ಬಹಳಷ್ಟು ಎಲೆ ಹಾಳಾಗಿದ್ದವು, ಒಂದು ಹಿಡಿ ಮಾತ್ರ ಈರುಳ್ಳಿಯ ಒಳಪೊರೆಯ ಹಾಗೆ ತೆಳುವಾಗಿ, ಗಟ್ಟಿಯಾಗಿ ಉಳಿದಿದ್ದವು. ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದು ಅವಳ ಸೂಕ್ಷ್ಮದರ್ಶಕ ಇಟ್ಟೆವು. ಜ್ವರಕ್ಕೆ ಅವಳ ಬೆರಳ ಕೀಲುಗಳು ಮಡಚುತ್ತಿರಲಿಲ್ಲ. ಎಲೆಯನ್ನು ಚೂರು ಮಾಡಿ ನೀಲಿ ಬಣ್ಣ ಹಾಕಿ ಗಾಜಿಗೆ ಏರಿಸಿದ್ದು ನಾನು. ಕಣ್ಣಿಟ್ಟಿದ್ದೂ ನಾನೇ.

“ಅನ್ನಿಸಿದ್ದು ಬೇಡ ಚಿಕ್ಕವ್ವ. ಕಂಡದ್ದು ಹೇಳು,” ಎಂದಳು. ಈ ಮಾತನ್ನು ಅವಳು ಚಿಕ್ಕವಳಿದ್ದಾಗ ನಾನು ಎಷ್ಟು ಸಲ ಹೇಳಿದ್ದೆನೋ.

ಕಂಡದ್ದನ್ನು ಹೇಳಿದೆ. ಎಲೆಯ ಬಾಯಿಗಳು ಸಣ್ಣ ತುಟಿಗಳ ಹಾಗೆ. ಒಂದರ ಪಕ್ಕದಲ್ಲಿ ಕಿತ್ತಳೆ ತೊಳೆಯಂಥ ಕಣ, ಬೆನ್ನ ಮೇಲೆ ಮಾತ್ರ ಮುಳ್ಳು, ಹೊಟ್ಟೆ ನುಣುಪು. ಅದರಿಂದ ಹೊರಟ ಎಳೆ ಬಾಯಿಯೊಳಗೆ ಇಳಿದಿದೆ. ತಿರುಪು ತಿರುಗಿಸಿ ನೋಟವನ್ನು ಎಲೆಯ ಆಳಕ್ಕೆ ಇಳಿಸಿದೆ. ಅಲ್ಲಿ ಒಂದು ಕೋಶ ಕುಸಿದು ಮುದುಡಿ ಕಡುನೀಲಿ ಕುಡಿದಿತ್ತು. ಅದರ ಪಕ್ಕದ್ದೂ ಹಾಗೆಯೇ. ತುಕ್ಕಿನ ಎಳೆ ಅವುಗಳ ಹತ್ತಿರ ಮೊಂಡಾಗಿ ನಿಂತಿತ್ತು. ಅಲ್ಲಿಂದ ಮುಂದೆ ಯಾವ ದಿಕ್ಕಿಗೂ ಹೋಗಿರಲಿಲ್ಲ. ಇನ್ನೊಂದು ಚೂರು ಇಟ್ಟೆ, ಹಾಗೆಯೇ. ಮತ್ತೊಂದು, ಅದೂ ಹಾಗೆಯೇ. ನಂದಿನಿ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಬಂದು ಒಂದು ಕಣ್ಣು ಮುಚ್ಚಿ ನೋಡಿದಳು. ಮೊಬೈಲನ್ನು ಸೂಕ್ಷ್ಮದರ್ಶಕದ ಬಾಯಿಗೆ ಹಿಡಿದು ಚಿತ್ರ ತೆಗೆಯತೊಡಗಿದಳು.

ಹೋಲಿಸಲು ಹಳದಿ ದಾರದ ಎಲೆ ಬೇಕಿತ್ತು. ಮರುದಿನ ಹೋಗಿ ಕೇಳಿದೆ. ಓಬಳಮ್ಮ ಹುಳುಮನೆಯೊಳಗೆ ಕಾಲಿಡುವುದನ್ನೇ ಬಿಟ್ಟಿದ್ದಳು, ನೀರನ್ನು ಬಾಗಿಲವರೆಗೆ ತಂದಿಟ್ಟು ಪಾಲಯ್ಯನ ಕೈಯಲ್ಲಿ ಹಾಕಿಸುತ್ತಿದ್ದಳು. ಹಳದಿ ಗಿಡದ ಚೆನ್ನಾಗಿರುವ ಎಲೆ ಕೀಳುತ್ತೇನೆ ಎಂದಾಗ ಅವಳ ಮುಖ ಇನ್ನೂ ಸಣ್ಣದಾಯಿತು.

“ಕೆಟ್ಟಿದ್ದು ಕಿತ್ರೆ ತಪ್ಪಂತೆ, ಚೆನ್ನಾಗಿರೋದು ಕಿತ್ರೆ ಸರಿಯಂತೆ. ಓದಿದೋರ ಲೆಕ್ಕಾನೇ ಬ್ಯಾರೆ ಕಣಮ್ಮಿ,” ಎಂದ ಪಾಲಯ್ಯ. ಅವಳು ನಗಲಿಲ್ಲ.

ಆ ಎಲೆಯನ್ನೂ ಅದೇ ಬ್ಲೀಚಿಂಗ್ ನೀರಲ್ಲಿ ಇಟ್ಟು ತೊಳೆದು ನೋಡಿದೆವು. ಒಂದು ಕೋಶವೂ ಕುಸಿದಿರಲಿಲ್ಲ. ಎಲ್ಲವೂ ದುಂಡಗೆ, ತುಂಬಿಕೊಂಡು, ನೋಡಲು ಚೆಂದ. ಅವುಗಳ ನಡುವೆ ತುಕ್ಕಿನ ಎಳೆಗಳು ಬೇರಿನ ಹಾಗೆ ಹರಡಿ, ಕೋಶ ಕೋಶಕ್ಕೂ ಹೀರುಗೊಳವೆ ಇಳಿಸಿದ್ದವು. ಹೊರಗೆ ಒಂದು ಕಲೆಯೂ ಇಲ್ಲದ ಎಲೆ ಒಳಗೆ ಪೂರ್ತಿ ಸೋತಿತ್ತು.

ನಂದಿನಿ ಚಿತ್ರಗಳನ್ನು ಮಾರ್ಗದರ್ಶಕರಿಗೆ ಕಳಿಸಿದಳು. ಅವರು ಮೆಚ್ಚಿದರು, ಆದರೆ ತೀರ್ಪು ಕೊಡಲಿಲ್ಲ. ನೆನೆದು ಹೋದ ಎಲೆಗಳನ್ನು ನಂಬಿ ಒಂದು ತಳಿಯನ್ನು ಉಳಿಸುವುದಾಗಲಿ ಸುಡುವುದಾಗಲಿ ಆಗದು, ಕೆಂಪು ಗಿಡಗಳ ಹೊಸ ಎಲೆಗಳಿಗೆ ಮತ್ತೊಮ್ಮೆ ರೋಗ ಹಚ್ಚಿ ಕೊನೆಯವರೆಗೆ ಕಾದು ನೋಡು ಎಂದರು. ಅವಳ ಡಬ್ಬಿಯಲ್ಲಿ ಮೊಳೆಯುವ ಪುಡಿ ಉಳಿದಿರಲಿಲ್ಲ. ಹೊಸ ಪುಡಿ ಹಳದಿ ಗಿಡಗಳ ಮೇಲೆ ಏಳುವವರೆಗೆ ಕಾಯಬೇಕು. ಅಲ್ಲಿಂದ ಮತ್ತೆ ಮೂರು ನಾಲ್ಕು ವಾರ. ಲೆಕ್ಕ ಹಾಕಿದರೆ ದಸರಾ ದಾಟುತ್ತಿತ್ತು. ದಸರಾಕ್ಕೆ ಓಬಳಮ್ಮನ ಹೊಸ ಸೊಪ್ಪು ಕೊಯ್ಲಿಗೆ ಬರುತ್ತಿತ್ತು.

ಜ್ವರ ಇಳಿದ ಮೇಲೆ ನಂದಿನಿ ಸೂಕ್ಷ್ಮದರ್ಶಕವನ್ನೇ ಹೊತ್ತು ಸಿದ್ದಾಪುರಕ್ಕೆ ಬಂದಳು. ಜಗಲಿಯ ಮೇಲಿಟ್ಟು, ಓಬಳಮ್ಮನನ್ನು ಕೈಹಿಡಿದು ಕೂರಿಸಿ, ಮೊದಲು ಹಳದಿ, ಆಮೇಲೆ ಕೆಂಪು ತೋರಿಸಿದಳು. ಕುಸಿದ ನೀಲಿ ಕೋಶವನ್ನು ಓಬಳಮ್ಮ ಬಹಳ ಹೊತ್ತು ನೋಡಿದಳು.

“ಸತ್ತಿರೋದು ಇದೇನಾ? ಮಿಕ್ಕಿದ್ದನ್ನ ಉಳ್ಸಿದ್ದು?”

“ಇದೇ ಓಬಳಕ್ಕ.”

“ಇಂಥಾದ್ನ ರೋಗ ಅಂತ ಕಿತ್ತು ಹಾಕ್ದೆನಲ್ಲ.”

ಬೇರೆ ಯಾರಾದರೂ ಹೋಗಲಿ ಬಿಡಿ ಎನ್ನುತ್ತಿದ್ದರು. ನಂದಿನಿ ಹಾಗೆ ಹೇಳಲಿಲ್ಲ. ತನಗೆ ಇನ್ನೂ ಒಂದು ಸುತ್ತು ನೋಡಬೇಕಾಗಿದೆ, ಮನೆ ದಸರಾ ಆದ ಮೇಲೂ ಬೇಕಾಗುತ್ತದೆ, ಕೊಡಲಾಗದಿದ್ದರೆ ಬೇರೆ ಕಡೆ ಹುಡುಕುತ್ತೇನೆ ಎಂದಳು. ಪಾಲಯ್ಯ ಆಗದು ಎನ್ನುವಂತೆ ಬಾಯಿ ತೆರೆದ. ಹೊಸ ತಳಿಯ ಮೊದಲ ಸೊಪ್ಪು, ಅದರ ಮೊದಲ ಬೆಳೆ, ಅವನಿಗೂ ಆಸೆಯಿತ್ತು. ಓಬಳಮ್ಮ ಅವನಿಗೆ ತೆಲುಗಿನಲ್ಲಿ ಏನೋ ಎರಡು ಮಾತು ಹೇಳಿದಳು. ಆ ಊರಲ್ಲಿ ಗಂಡ ಹೆಂಡಿರ ಜಗಳಕ್ಕೆ ತೆಲುಗು, ನೆಂಟರ ಮುಂದೆ ಕನ್ನಡ. ಅವನು ಬಾಯಿ ಮುಚ್ಚಿ ಬೀಡಿ ಹಚ್ಚಿದ.

“ಮೊದಲ ಸೊಪ್ಪು ಮಾರ್ಕಂತೀವಿ,” ಎಂದಳು ನಮ್ಮ ಕಡೆ ತಿರುಗಿ. “ನೀನು ನೋಡದು ಮುಗ್ಸವ್ವ.”

ಅಂದಿನಿಂದ ಅವಳು ಮತ್ತೆ ಒಳಗೆ ಬಂದಳು. ಭಾದ್ರಪದದಲ್ಲಿ ಹಳದಿ ಗಿಡಗಳಲ್ಲಿ ತುಕ್ಕು ಹೊರಬಿತ್ತು. ಒಂದು ಬೆಳಿಗ್ಗೆ ಎಲೆ ಮಗುಚಿದರೆ ಹಿಂಬದಿಯ ತುಂಬ ಕಿತ್ತಳೆ ಪುಡಿ, ಮುಟ್ಟಿದರೆ ಕೈಗೆ ಅಂಟುವಷ್ಟು. ಮೇಲಿನ ತಟ್ಟೆಯಲ್ಲಿ ಉಳಿದಿದ್ದ ಕೆಂಪು ಗಿಡಗಳಲ್ಲಿ ಆ ಹಳೆಯ ಕಂದು ಚುಕ್ಕೆಗಳು ಹಾಗೆಯೇ ಒಣಗಿ ನಿಂತಿದ್ದವು, ಪುಡಿ ಇರಲಿಲ್ಲ. ನಂದಿನಿ ಹಿಗ್ಗಲಿಲ್ಲ. ಹಳದಿಯ ಪುಡಿಯನ್ನೇ ಬ್ರಷ್ಷಿನಲ್ಲಿ ಎತ್ತಿ ಕೆಳಗಿನ ಕೆಂಪು ಗಿಡಗಳ ಹೊಸ ಎಲೆಗಳಿಗೆ ಸವರಿದಳು. ಈ ಸಲ ಎಲೆ ಮಗುಚಿ ಹಿಡಿದವಳು ಓಬಳಮ್ಮ. ಅವಳ ಬೆರಳಿನಷ್ಟು ಹಗುರವಾದ ಬೆರಳು ನನ್ನದಲ್ಲ, ನಂದಿನಿಯದೂ ಅಲ್ಲ.

ಮತ್ತೆ ಗೋಣಿಗೆ ನೀರು, ಕಪ್ಪು ಬಟ್ಟೆ, ಕಾಯುವುದು. ಚುಕ್ಕೆ ಬಂದವು. ಯಾರೂ ಮುಟ್ಟಲಿಲ್ಲ. ದಸರಾ ಬಂತು, ಹೋಯಿತು. ಪಾಲಯ್ಯ ಸೊಪ್ಪು ಕೊಯ್ದು ಪಕ್ಕದೂರಿಗೆ ಮಾರಿ ಬಂದ.

ಕೊನೆಗೆ ನೋಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾವು ನಾಲ್ವರೂ ಕೈಕಾಲು ತೊಳೆದು ಒಳಗೆ ಹೋದೆವು. ನಂದಿನಿ ಒಂದು ಹೆಜ್ಜೆ ಹಿಂದೆ ನಿಂತಳು.

“ನೀನೇ ನೋಡು ಚಿಕ್ಕವ್ವ. ನನ್ನ ಕಣ್ಣಿಗೆ ಆಸೆ ಜಾಸ್ತಿ ಆಗಿದೆ.”

ಆಸ್ಪತ್ರೆಯ ಬಿಳಿ ಹತ್ತಿ ತಂದಿದ್ದೆ. ಒಂದೊಂದು ಎಲೆಯನ್ನೂ ಮಗುಚಿ ಹಿಂಬದಿಗೆ ಹತ್ತಿ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ತುಕ್ಕು ಒಂದು ಕಣ ಎದ್ದಿದ್ದರೂ ಹತ್ತಿಗೆ ಬಣ್ಣ ಹತ್ತಬೇಕು. ಕೆಳಗಿನ ತಟ್ಟೆಯಿಂದ ಶುರು ಮಾಡಿದೆ. ಹತ್ತಿ ಬಿಳಿ. ಮುಂದಿನ ಗಿಡ, ಬಿಳಿ. ಪಾಲಯ್ಯ ಉಸಿರಾಡುವ ಸದ್ದು ಕೇಳುತ್ತಿತ್ತು. ಒಂದು ಎಲೆಯಲ್ಲಿ ಹತ್ತಿಗೆ ಏನೋ ಹಳದಿ ಹತ್ತಿದಾಗ ನನ್ನ ಕೈ ನಿಂತಿತು. ಗಾಜಿನಡಿ ಇಟ್ಟು ನೋಡಿದೆ. ಗೋಣಿಯ ನಾರು. ಮುಂದೆ ಹೋದೆ. ಕಡೆಯ ತಟ್ಟೆ ಮುಗಿಯುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ಜಾರಿತ್ತು. ಪಕ್ಕದಲ್ಲಿದ್ದ ಒಂದು ಹಳದಿ ಗಿಡಕ್ಕೂ ಹೊಸ ಹತ್ತಿ ಒತ್ತಿದೆ, ನನ್ನ ವಿಧಾನ ಸರಿಯಿದೆಯೇ ಎಂದು. ಹತ್ತಿ ಕಿತ್ತಳೆಯಾಯಿತು. ಎರಡೂ ಹತ್ತಿಗಳನ್ನು ನಂದಿನಿಯ ಅಂಗೈಯಲ್ಲಿಟ್ಟೆ.

ಅವಳು ಹೊರಗೆ ಹೋಗಿ ಫೋನು ಮಾಡಿದಳು. “ತಡೆದಿವೆ ಸರ್, ಎಲ್ಲವೂ,” ಎಂದು ಹೇಳಿದ್ದು ಕೇಳಿಸಿತು. ಆಮೇಲೆ ಜಗಲಿಯ ಮೇಲೆ ಕಾಲು ನೀಡಿ ಕೂತು, ಓಬಳಮ್ಮ ಹಾಕಿದ ಮುದ್ದೆಯನ್ನು ಮುಗಿಸಿ ಇನ್ನೊಂದು ಹಾಕಿಸಿಕೊಂಡಳು. ಆ ಮಳೆಗಾಲದಲ್ಲಿ ಅವಳು ಎರಡನೆಯ ಮುದ್ದೆ ಕೇಳಿದ್ದು ಅದೇ ಮೊದಲು. ನನಗೆ ಬೆನ್ನು ಎಷ್ಟು ಬಿಗಿಹಿಡಿದಿತ್ತು ಎಂಬುದು ಅದು ಸಡಿಲವಾದಾಗಲೇ ತಿಳಿಯಿತು. ಗೋಡೆಗೆ ಒರಗಿ ಕೂತೆ. ಹಗಲು ಹೊತ್ತಿನಲ್ಲಿ ಒರಗಿ ಕೂರುವ ಅಭ್ಯಾಸ ನನಗಿಲ್ಲ.

ಊಟವಾದ ಮೇಲೆ ಹಳದಿ ಗಿಡಗಳ ಕೆಲಸ. ಅವನ್ನು ಅಲ್ಲಿಯೇ ಸುಡಬೇಕಾಗಿತ್ತು. ಪಾಲಯ್ಯ ಗುಂಡಿ ತೋಡಿದ. ಪಾಪ, ಇವೇನು ಮಾಡಿದವು ಎಂದಳು ಓಬಳಮ್ಮ, ಆದರೂ ತಾನೇ ಒಂದೊಂದನ್ನೂ ಒದ್ದೆ ಚೀಲದಲ್ಲಿ ಮುಚ್ಚಿ ತಂದು ಗುಂಡಿಗೆ ಹಾಕಿದಳು. ಬೆಂಕಿ ಆರಿ ಬೂದಿಗೆ ಸುಣ್ಣ ಸುರಿದು ಮಣ್ಣು ಮುಚ್ಚುವಾಗ ಸಂಜೆಯಾಗಿತ್ತು. ಕೆಂಪು ಗಿಡಗಳು ಹಳೆಯ ಎಲೆ ಕಳಚಿ, ಔಷಧಿಯಲ್ಲಿ ಮಿಂದು, ಹೊಸ ಚಿಗುರು ಬಂದ ಮೇಲೆ ಘಟ್ಟ ಹತ್ತಬೇಕು, ಅದಕ್ಕೆ ಇನ್ನೂ ಸಮಯವಿತ್ತು. ಅಂದಿಗೆ ಉಳಿದದ್ದು ನೀರು ಹಾಕುವುದೊಂದೇ.

ಅಷ್ಟು ದಿನ ಅವಕ್ಕೆ ನೀರು ಹಾಕಿದ್ದು ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು. ಅಂದು ಸಂಜೆ ಹಾಕಿದ್ದು ಬೆಳೆಯಲಿ ಎಂದು. ಕೆಳಗಿನ ತಟ್ಟೆಗಳಿಗೆ ಓಬಳಮ್ಮ ಚೊಂಬು ಹಿಡಿದಳು, ಮೇಲಿನದಕ್ಕೆ ನಾನು ಸ್ಟೂಲು ಹತ್ತಿದೆ. ಕೊನೆಯ ಗಿಡದ ಚೀಲದ ಮಣ್ಣು ನೀರು ಕುಡಿದು ಕಪ್ಪಾಗುವವರೆಗೆ ನಿಂತು ನೋಡಿ, ಚೊಂಬುಗಳನ್ನು ತೊಳೆದು ಬೋರಲು ಹಾಕಿ, ಬಾಗಿಲು ಎಳೆದುಕೊಂಡೆವು.